ಬೇಟೆ ನಾಯಿ ಅಂದ ತಕ್ಷಣ ಭಯ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನ್ನ ಇಬ್ಬರು ಮಕ್ಕಳೂ ಬೀಗಲ್ ಮರಿನೇ ಬೇಕು ಅಂತ ಹಠ ಹಿಡಿದು ಕೂತಿದಾರೆ. ನಮ್ಮತ್ತೆ ಅದು ಬೇಟೆ ನಾಯಿ, ಮಕ್ಕಳಿರೋ ಮನೇಗೆ ಬೇಡ್ವೇ ಬೇಡ ಅಂತಾರೆ. ನಾವಿಬ್ರೂ ಕೆಲಸಕ್ಕೆ ಹೋಗೋರು. ಏನ್ಮಾಡೋದು?

ಉತ್ತರ: ಬೇಟೆ ನಾಯಿ ಅನ್ನೋದು ನಿಜಾನೇ ಮೇಡಂ, ಇಂಗ್ಲೆಂಡಲ್ಲಿ ಮೊಲದ ಬೇಟೆಗೆ ಅಂತಲೇ ಬೆಳೆಸಿದ ತಳಿ ಅದು. ಆದ್ರೆ ಅದರ ಮುಖ್ಯ ಕೆಲಸ ಗುಂಪಾಗಿ ನೆಲಕ್ಕೆ ಮೂಗಿಟ್ಟು ವಾಸನೆ ಹಿಡ್ಕೊಂಡು ಹೋಗೋದು, ಬೇಟೆಗಾರರು ಹಿಂದೆ ನಡ್ಕೊಂಡೇ ಬರ್ತಿದ್ರು. ಅಷ್ಟೊಂದು ನಾಯಿಗಳ ಮಧ್ಯೆ ಜಗಳ ಇಲ್ದೆ ಬಾಳ್ಬೇಕಿತ್ತಲ್ಲ, ಹಾಗಾಗಿ ಸಾಮಾನ್ಯವಾಗಿ ಸಾಧು ಸ್ವಭಾವ, ಮಕ್ಕಳ ಜೊತೆ ಚೆನ್ನಾಗಿ ಹೊಂದ್ಕೊಳ್ಳುತ್ತೆ. ಹಾಗಂತ ಅದು ಊಟ ಮಾಡ್ವಾಗ ಮಕ್ಕಳು ಬಟ್ಟಲಿಗೆ ಕೈ ಹಾಕೋದು ಬೇಡ, ಅದು ಯಾವ ನಾಯಿಗಾದ್ರೂ ಅಷ್ಟೇ.

ನಿಜವಾದ ತಲೆನೋವು ಮೂಗಿಂದು. ವಾಕಿಂಗಲ್ಲಿ ಒಂದು ವಾಸನೆ ಸಿಕ್ತು ಅಂದ್ರೆ ತಲೆ ನೆಲಕ್ಕೆ, ಬಿಳಿ ತುದಿಯ ಬಾಲ ನೆಟ್ಟಗೆ ಮೇಲಕ್ಕೆ, ನೀವು ಹೆಸರಿಡಿದು ಎಷ್ಟೇ ಕೂಗಿ ತಿರುಗಿ ಕೂಡ ನೋಡಲ್ಲ, ಮಾಲೀಕರು ಕಿವುಡು ಅಂದ್ಕೊಂಡು ನಮ್ಮ ಹತ್ರ ಕರ್ಕೊಂಡು ಬಂದಿದ್ದೂ ಉಂಟು! ಅಮೆರಿಕದ ಏರ್‌ಪೋರ್ಟ್‌ಗಳಲ್ಲಿ 1984ರಿಂದ ಬ್ಯಾಗೇಜಲ್ಲಿರೋ ಹಣ್ಣು, ಮಾಂಸ ಪತ್ತೆ ಮಾಡೋಕೆ ಬೀಗಲ್‌ಗಳನ್ನ ಬಳಸ್ತಿರೋದು ಈ ಮೂಗಿಗೋಸ್ಕರಾನೇ. ಆದ್ದರಿಂದ ಹೊರಗಡೆ ಲೀಶ್ ಬಿಚ್ಚಬೇಡಿ, ಗೇಟ್ ತೆರೆದಿಡಬೇಡಿ, ಮನೇಲಿ ಮೊಲ ಗಿಲ ಸಾಕಿದ್ರೆ ಬೀಗಲ್ ಆಸೆ ಬಿಟ್ಬಿಡಿ. ವಾಕ್ ಅಂದ್ರೆ ಬರೀ ದರದರ ಎಳ್ಕೊಂಡು ಹೋಗೋದಲ್ಲ, ನಿಂತು ಮೂಸೋಕೆ ಬಿಡಿ, ಅದಕ್ಕೆ ಅದೇ ಪೇಪರ್ ಓದಿದ ಹಾಗೆ.

ಇನ್ನು ನೀವಿಬ್ರೂ ಕೆಲಸಕ್ಕೆ ಹೋಗ್ತೀರಿ ಅಂದ್ರಲ್ಲ, ನನಗೆ ಬೇಟೆಗಿಂತ ಅದೇ ಚಿಂತೆ. ಗುಂಪಲ್ಲಿ ಬೆಳೆದ ತಳಿ, ಒಂಟಿಯಾಗಿ ಬಿಟ್ರೆ ಊಳಿಡುತ್ತೆ, ಸೋಫಾ ಹರಿಯುತ್ತೆ, ಆ ದನಿ ದೂರದಲ್ಲಿರೋ ಬೇಟೆಗಾರನಿಗೆ ಕೇಳ್ಲಿ ಅಂತಲೇ ಇರೋದು, ಪಕ್ಕದ ಮನೆಯವರ ಗತಿ ಯೋಚಿಸಿ! ಹಗಲು ಮನೇಲಿರೋರು ನಿಮ್ಮತ್ತೆಯವರೇ ಆದ್ರೆ ನಾಯಿ ಮಕ್ಕಳದ್ದಲ್ಲ, ಅವರದ್ದೇ ಆಗುತ್ತೆ, ಹಾಗಾಗಿ ಮೊದಲು ಅವರು ಮನಸಾರೆ ಒಪ್ಪಲಿ. ಹಗಲು ಯಾರೂ ಇರಲ್ಲ ಅಂದ್ರೆ ಈಗ ಬೇಡ ಅಂತಲೇ ಹೇಳ್ತೀನಿ.

ತಂದ್ರೆ ಊಟ ಅಳತೆ ಮಾಡಿ ಹಾಕಿ, ಕೊಟ್ಟಷ್ಟೂ ತಿಂದು ಬೇಗ ದಪ್ಪ ಆಗೋ ಜಾತಿ, ದೊಡ್ಡದಾದ್ಮೇಲೆ ಸುಮಾರು 9ರಿಂದ 11 ಕೆಜಿ ಇದ್ರೆ ಸಾಕು. ಜೋತುಬಿದ್ದ ಕಿವಿಗೆ ಗಾಳಿ ಆಡಲ್ಲ, ವಾರಕ್ಕೊಮ್ಮೆ ಎತ್ತಿ ನೋಡಿ, ಕೆಟ್ಟ ವಾಸನೆ ಬಂದ್ರೆ ಮನೆಮದ್ದು ಹಾಕ್ದೆ ಡಾಕ್ಟರ್‌ಗೆ ತೋರಿಸಿ.