ಬರೆಯಬಾರದ ದಿನದ ಕವಿತೆ

ಪ್ರಶ್ನೆ: ನಮ್ಮ ಮನೆಯಲ್ಲಿ ತಲೆಮಾರುಗಳಿಂದ ದಾಸರ ಪದಗಳನ್ನು ಹಾಡುತ್ತ ಬಂದಿದ್ದೇವೆ, ನಾನೂ ಆಗೀಗ ನಾಲ್ಕು ಸಾಲು ಬರೆಯುತ್ತೇನೆ. ಯಹೂದಿಗಳಲ್ಲಿಯೂ ಕಾವ್ಯರಚನೆಯನ್ನು ಸಾಧನೆಯೆಂದು ಕಾಣುವವರಿದ್ದಾರೆಂದು ಓದಿದೆ. ಆದರೆ ಅವರ ಪವಿತ್ರ ದಿನದಂದು ಬರೆಯುವುದೇ ನಿಷಿದ್ಧವಂತೆ. ಇವೆರಡೂ ಹೊಂದುವುದು ಹೇಗೆ?
— ಓದುಗರೊಬ್ಬರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ತಾವು ಕೇಳಿದ್ದು ನಿಜ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ಮೂರು ನಕ್ಷತ್ರಗಳು ಕಾಣುವವರೆಗಿನ ಸಬ್ಬತ್ ಎಂಬ ಆ ಪವಿತ್ರ ದಿನದಲ್ಲಿ 39 ಬಗೆಯ ಕೆಲಸಗಳು ನಿಷಿದ್ಧ. ಎರಡು ಅಕ್ಷರ ಬರೆಯುವುದೂ ಅವುಗಳಲ್ಲೊಂದು. ಹಾಡುವುದಕ್ಕೆ ಮಾತ್ರ ತಡೆಯಿಲ್ಲ. ಸಬ್ಬತ್ತನ್ನು ಮದುವಣಗಿತ್ತಿಯೆಂದು ಕರೆದು ಎದುರುಗೊಳ್ಳುವ ‘ಲೆಖಾ ದೋದಿ’ ಎಂಬ ಹೀಬ್ರೂ ಗೀತೆಯನ್ನು ಶುಕ್ರವಾರ ಸಂಜೆ ಪ್ರಾರ್ಥನಾಮಂದಿರಗಳಲ್ಲಿ ಹಾಡುತ್ತಾರೆ. ಅದನ್ನು ರಚಿಸಿದವರು 16ನೇ ಶತಮಾನದಲ್ಲಿ ಗಲಿಲಾಯದ (ಇಂದಿನ ಉತ್ತರ ಇಸ್ರೇಲ್) ಸಫೆದ್ ಪಟ್ಟಣದಲ್ಲಿ ನೆಲೆಸಿದ್ದ ಶ್ಲೋಮೋ ಹಲೇವಿ ಅಲ್ಕಬೆಟ್ಸ್. ವಾರದ ದಿನಗಳಲ್ಲಿ ಬರೆದದ್ದು ಸಬ್ಬತ್ತಿನಂದು ಹೀಗೆ ಕೊರಳಿಗೆ ಬರುತ್ತದೆ. ಆ ದಿನವೇ ಹೊಸ ಸಾಲೊಂದು ಹೊಳೆದರೆ, ನಿಯಮ ಪಾಲಿಸುವ ಕವಿ ಅದನ್ನು ಮನಸ್ಸಿನಲ್ಲೇ ಹೊತ್ತು ನಕ್ಷತ್ರಗಳಿಗಾಗಿ ಕಾಯಬೇಕು; ಅಷ್ಟರೊಳಗೆ ಮರೆತುಹೋದರೆ ಬಿಟ್ಟುಕೊಡಬೇಕು. ಸಾಧನೆಯೆಂಬ ಮಾತು ಬರವಣಿಗೆಗಿಂತ ಈ ಕಾಯುವಿಕೆಗೇ ಹೆಚ್ಚು ಸಲ್ಲುತ್ತದೆಂದು ನಾನು ನಂಬಿದ್ದೇನೆ.

ಬರೆಯುವಾಗಲೂ ಕಟ್ಟುಪಾಡು ತಪ್ಪಿದ್ದಲ್ಲ. ಹೀಬ್ರೂ ಬೈಬಲ್ಲಿನ 119ನೆಯ ಕೀರ್ತನೆಯಲ್ಲಿ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಲ್ಲಿ ಒಂದೊಂದರಿಂದಲೂ ಎಂಟೆಂಟು ವಚನಗಳು ಆರಂಭವಾಗಿ, ಒಟ್ಟು 176 ಆಗುತ್ತವೆ. ‘ಪಿಯ್ಯೂತ್’ ಎನ್ನುವ ಪ್ರಾರ್ಥನಾಗೀತೆಗಳ ಕವಿಗಳೂ ಈ ಅಕ್ಷರಬಂಧವನ್ನು ಬಹಳವಾಗಿ ಬಳಸಿದರು. ದಾಸರ ಅಂಕಿತವನ್ನು ಬಲ್ಲ ತಮಗೆ ಇಲ್ಲಿ ಒಂದು ವ್ಯತ್ಯಾಸ ಹಿಡಿಸೀತು. ‘ವಿಜಯ ವಿಠಲ’, ‘ಜಗನ್ನಾಥ ವಿಠಲ’ ಎಂದು ನಮ್ಮ ದಾಸರು ಪದದ ಕೊನೆಗೆ ದೇವರ ಹೆಸರನ್ನೇ ಎಲ್ಲರಿಗೂ ಕೇಳುವಂತೆ ಇಡುತ್ತಾರೆ. ಅಲ್ಕಬೆಟ್ಸ್ ‘ಶ್ಲೋಮೋ ಹಲೇವಿ’ ಎಂಬ ತಮ್ಮ ಹೆಸರನ್ನು ಮೊದಲ ಎಂಟು ನುಡಿಗಳ ಆದ್ಯಕ್ಷರಗಳಲ್ಲಿ ಅಡಗಿಸಿದ್ದಾರೆ. ಅದು ಹಾಡುವಾಗ ಕಿವಿಗೆ ಬೀಳುವುದಿಲ್ಲ, ಅಕ್ಷರಗಳನ್ನು ಕೂಡಿಸಿ ನೋಡಿದವರಿಗಷ್ಟೇ ಸಿಗುತ್ತದೆ.

ಪ್ರಾರ್ಥನೆಯಲ್ಲಿ ಮನಸ್ಸು ನೆಟ್ಟಗೆ ದೇವರತ್ತ ತಿರುಗಿರುವುದಕ್ಕೆ ಯಹೂದಿಗಳು ‘ಕವ್ವಾನಾ’ ಎನ್ನುತ್ತಾರೆ. ನಮ್ಮ ‘ಕವನ’ಕ್ಕೂ ಅದಕ್ಕೂ ಸಂಬಂಧವಿಲ್ಲ, ಧ್ವನಿ ಹೋಲುವುದು ಆಕಸ್ಮಿಕ, ಆದರೂ ಆ ಹೋಲಿಕೆ ನನಗೆ ಪ್ರಿಯ.

ತಾವು ಏಕಾದಶಿ ಆಚರಿಸುವವರಾದರೆ, ಅಂದು ಲೇಖನಿಯನ್ನೂ ಮುಟ್ಟದೆ, ಅದುವರೆಗೆ ಬರೆದದ್ದನ್ನು ನೆನಪಿನಿಂದಲೇ ಹಾಡಿ ನೋಡಿ. ನಾಲಿಗೆ ಎಲ್ಲಿ ತೊಡರಿತೆಂಬುದನ್ನು ನೆನಪಿಟ್ಟು, ದ್ವಾದಶಿಯ ಪಾರಣೆಯಾದ ಮೇಲೆ ಆ ಸಾಲುಗಳನ್ನಷ್ಟೇ ತಿದ್ದಿ.