ಶಿರಸಿಯ ಬಿಎಡ್, ಕ್ಯಾಲಿಫೋರ್ನಿಯಾದ ಕ್ರೆಡೆನ್ಷಿಯಲ್

ತಂಗಿ,

ಬಿಎಸ್ಸಿ, ಬಿಎಡ್ ಆಗಿದೆ, ಕುಮಟಾದಲ್ಲಿ ಹೈಸ್ಕೂಲಿಗೆ ಕಲಿಸಿದ್ದೇನೆ, ಈಗ ಎಚ್-4 (ಗಂಡನ ಕೆಲಸದ ವೀಸಾಕ್ಕೆ ಅಂಟಿದ ವೀಸಾ) ಮೇಲೆ ಫ್ರೀಮಾಂಟಿಗೆ ಬಂದಿದ್ದೇನೆ, ಸ್ಪೆಷಲ್ ಎಜುಕೇಶನ್‌ನಲ್ಲಿ (ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ) ಎಂಎ ಮಾಡಿದರೆ ಟೀಚರ್ ಆಗಬಹುದಾ ಅಂತ ಕೇಳಿದ್ದೀಯ. ನಾನು ಬಂದ ಹೊಸತರಲ್ಲಿ ಇದನ್ನೆಲ್ಲ ಕೇಳಲಿಕ್ಕೆ ಊರಿನ ಕಡೆಯವರು ಯಾರೂ ಇರಲಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಬಾಡಿಗೆ, ಕುಚ್ಚಲಕ್ಕಿ, ಚಳಿಗೆ ಎಂಥಾ ಕೋಟು ಅನ್ನುವುದನ್ನು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಕಾರು ಓಡಿಸುವುದು ಮಾತ್ರ ಬೇಗ ಕಲಿ. ತರಬೇತಿಗೆ ಕೊಡುವ ಶಾಲೆ ಬಸ್ಸಿನ ದಾರಿಯಲ್ಲೇ ಇರುತ್ತದೆ ಅಂತಿಲ್ಲ.

ಬರೀ ಎಂಎಯಿಂದ ಟೀಚರ್ ಆಗಲಿಕ್ಕೆ ಬರುವುದಿಲ್ಲ. ಕ್ಲಾಸಿನೊಳಗೆ ಬಿಡುವುದು ರಾಜ್ಯದ ಶಿಕ್ಷಕ ಪರವಾನಗಿ ಆಯೋಗ ಕೊಡುವ ಕ್ರೆಡೆನ್ಷಿಯಲ್, ಅಂದರೆ ಕಲಿಸುವ ಪರವಾನಗಿ. ಆಯೋಗದ ಮಾನ್ಯತೆ ಇರುವ ಪ್ರೋಗ್ರಾಂ ಮುಗಿಸಿದವರಿಗೆ ಯೂನಿವರ್ಸಿಟಿ ಶಿಫಾರಸು ಮಾಡುತ್ತದೆ, ಆಮೇಲೆ ಆಯೋಗ ಕೊಡುತ್ತದೆ. ಹೆಸರು ಸ್ಪೆಷಲ್ ಎಜುಕೇಶನ್ ಅಂತಲೇ ಇದ್ದು ಶಿಫಾರಸೇ ಇಲ್ಲದ ಎಂಎಗಳೂ ಇವೆ, ಆನ್‌ಲೈನ್‌ನಲ್ಲಂತೂ ಜಾಸ್ತಿ. ಫೀ ಕಟ್ಟುವ ಮೊದಲು ಇಮೇಲ್‌ನಲ್ಲಿ ಕೇಳು: ಇದು ಮುಗಿದರೆ ಪ್ರಿಲಿಮಿನರಿ ಎಜುಕೇಶನ್ ಸ್ಪೆಷಲಿಸ್ಟ್ ಕ್ರೆಡೆನ್ಷಿಯಲ್‌ಗೆ ಶಿಫಾರಸು ಮಾಡುತ್ತೀರಾ, ಮಾಡುವುದಾದರೆ ಮೈಲ್ಡ್ ಟು ಮಾಡರೇಟ್‌ಗೋ ಎಕ್ಸ್‌ಟೆನ್ಸಿವ್ ಸಪೋರ್ಟ್‌ಗೋ? ಮೊದಲನೆಯದು ಕಡಿಮೆಯಿಂದ ಮಧ್ಯಮ ನೆರವು ಬೇಕಾದ ಮಕ್ಕಳಿಗೆ, ಎರಡನೆಯದು ತುಂಬಾ ನೆರವು ಬೇಕಾದವರಿಗೆ. ಉತ್ತರ ಬರಹದಲ್ಲೇ ಇರಲಿ. ಎಷ್ಟೋ ಕಡೆ ಮೊದಲು ಕ್ರೆಡೆನ್ಷಿಯಲ್ ಮುಗಿಸಿ, ಮೇಲೆ ಕೆಲವು ಕೋರ್ಸು ಸೇರಿಸಿದರೆ ಎಂಎ ಆಗುತ್ತದೆ. ಸಂಬಳದ ಪಟ್ಟಿಯಲ್ಲಿ ಮೇಲೆ ಹೋಗಲಿಕ್ಕೆ ಎಂಎ ನೆರವಾಗುತ್ತದೆ. ಅವಸರವಿಲ್ಲ.

ಮೊದಲು ಡಿಗ್ರಿ ಕೊಟ್ಟ ಧಾರವಾಡದ ಯೂನಿವರ್ಸಿಟಿಯ ಕೆಲಸ. ಆಯೋಗ ಒಪ್ಪಿದ ಸಂಸ್ಥೆಯಿಂದಲೇ ನಿನ್ನ ಡಿಗ್ರಿಯ ಮೌಲ್ಯಮಾಪನ ಆಗಬೇಕು, ಅದೂ ಒಂದೊಂದು ವಿಷಯ ಬಿಡಿಸಿ ತೋರಿಸುವ ಬಗೆಯದು. ಮೂರು ವರ್ಷದ ಬಿಎಸ್ಸಿ ಒಂದನ್ನೇ ಕಳಿಸಿದರೆ ಇಲ್ಲಿಯ ಪೂರ್ತಿ ಡಿಗ್ರಿಗೆ ಸಮ ಅಲ್ಲ ಅಂತ ಬರೆದುಬಿಡುವವರಿದ್ದಾರೆ, ಬಿಎಡ್ಡನ್ನೂ ಜೊತೆಗೇ ಕಳಿಸು. ಎಲ್ಲ ಮಾರ್ಕ್ಸ್ ಕಾರ್ಡು, ಘಟಿಕೋತ್ಸವದ ಪದವಿ ಪ್ರಮಾಣಪತ್ರ, ಯೂನಿವರ್ಸಿಟಿಯ ಸೀಲಾದ ಟ್ರಾನ್ಸ್‌ಕ್ರಿಪ್ಟ್ ಬೇಕು. ಅಪ್ಪನನ್ನೋ ಅಣ್ಣನನ್ನೋ ಕಳಿಸುವುದಾದರೆ ಸಹಿ ಮಾಡಿದ ಅಧಿಕಾರಪತ್ರ ಕೊಟ್ಟು ಕಳಿಸು. ನಮ್ಮವರಿಗೆ ಹೆಸರಿನ ತಾಪತ್ರಯ ಬೇರೆ: ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್ ಮತ್ತು ಹೆಗಡೆ, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಎರಡೂ ಒಬ್ಬಳೇ ಅನ್ನುವ ಅಫಿಡವಿಟ್ ಮತ್ತು ಮದುವೆ ನೋಂದಣಿ ಪತ್ರ ಮೊದಲೇ ಜೊತೆಗಿಡು.

ಎಚ್-4ನಲ್ಲಿ ಓದಲಿಕ್ಕೆ ಅಡ್ಡಿಯಿಲ್ಲ, ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಅದಕ್ಕೆ ಇಎಡಿ ಅನ್ನುವ ಕೆಲಸದ ಪರವಾನಗಿ ಬೇಕು, ಇಎಡಿಗೆ ಸಾಮಾನ್ಯವಾಗಿ ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಪಾಸಾಗಿರಬೇಕು. ಸಂಬಳ ಪಡೆಯುತ್ತಾ ಟೀಚರ್ ಆಗಿ ಎಂಬ ಜಾಹೀರಾತು ಇಂಟರ್ನ್ ದಾರಿಯದು. ಅದರಲ್ಲಿ 120 ಗಂಟೆಯ ಪೂರ್ವತರಬೇತಿ ಆದಮೇಲೆ ನೇರ ಕೆಲಸ, ಇಎಡಿ ಇಲ್ಲದೆ ನಿನಗೆ ಅದಿಲ್ಲ. ಸಂಬಳವಿಲ್ಲದ ಸ್ಟೂಡೆಂಟ್ ಟೀಚಿಂಗ್ ಹಿಡಿ. ಯಾವ ದಾರಿಯಾದರೂ 600 ಗಂಟೆಯ ಕ್ಲಿನಿಕಲ್ ಪ್ರಾಕ್ಟೀಸ್, ಅಂದರೆ ಶಾಲೆಯೊಳಗಿನ ತರಬೇತಿ, ತಪ್ಪುವುದಿಲ್ಲ. ಅದಕ್ಕೂ ಮೊದಲು ಲೈವ್ ಸ್ಕ್ಯಾನ್‌ನಲ್ಲಿ ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಆಗಿದೆ ಅನ್ನುವ ಸರ್ಟಿಫಿಕೇಟ್ ಆಫ್ ಕ್ಲಿಯರೆನ್ಸ್, ಟಿಬಿ ತಪಾಸಣೆ. ಅಮೆರಿಕದ ಸಂವಿಧಾನದ ಮೇಲೊಂದು ಕೋರ್ಸೋ ಪರೀಕ್ಷೆಯೋ ಇದೆ, ಸಣ್ಣದು. ಪ್ರಿಲಿಮಿನರಿಯ ಅವಧಿ 5 ವರ್ಷ, ಅಷ್ಟರೊಳಗೆ ಇಂಡಕ್ಷನ್ (ಹೊಸ ಟೀಚರಿಗೆ ಹಿರಿಯರ ಮಾರ್ಗದರ್ಶನದ ತರಬೇತಿ) ಮುಗಿಸಿ ಅದನ್ನು ಕ್ಲಿಯರ್, ಅಂದರೆ ಪೂರ್ಣ ಕ್ರೆಡೆನ್ಷಿಯಲ್ ಮಾಡಿಕೊಳ್ಳಬೇಕು. ಇಂಡಕ್ಷನ್‌ಗೆ ಕೆಲಸದಲ್ಲಿರಬೇಕು, ಆದ್ದರಿಂದ ಇಎಡಿಯ ಸುದ್ದಿಯೇ ಇಲ್ಲದೆ ಆ ಗಡಿಯಾರ ಶುರು ಮಾಡಿಕೊಳ್ಳಬೇಡ.

ಇದೆಲ್ಲ ಕಾಗದಪತ್ರದ ಮಾತು, ಕೂತು ಮಾಡಿದರೆ ಆಗುತ್ತದೆ. ನಮ್ಮ ಕಡೆಯವರು ನಿಜವಾಗಿ ಎಡವುವುದು ಕ್ಲಾಸಿನೊಳಗೆ, ಅದೂ ಕರುಣೆಯಿಂದಾಗಿ. ಹುಡುಗ ಊಟದ ಡಬ್ಬಿ ಹಿಡಿದು ನಿಂತಿದ್ದಾನೆ, ಮುಚ್ಚಳ ತೆಗೆಯಲಿಕ್ಕೆ ಆಗುತ್ತಿಲ್ಲ. ಪಾಪ ಅಂತ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ವಿಜಯದಶಮಿಯ ದಿನ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸಿದ ಹಾಗೆ, ಕಲಿಸುವುದು ಅಂದರೆ ಕೈ ಹಿಡಿಯುವುದು ಅಂತಲೇ ನಮಗೆ ರೂಢಿ. ಇಲ್ಲಿ ಮೊದಲು 5 ಸೆಕೆಂಡ್ ಸುಮ್ಮನೆ ಕಾಯಬೇಕು. ಆಗದಿದ್ದರೆ ಮುಚ್ಚಳದ ಅಂಚಿನತ್ತ ಬೆರಳು ತೋರಿಸು. ಆಮೇಲೆ ಒಂದು ಮಾತು, ನಂತರ ಬೇರೆ ಡಬ್ಬಿಯಲ್ಲಿ ಮಾಡಿ ತೋರಿಸುವುದು, ನಂತರ ಮೊಣಕೈಗೆ ಒಂಚೂರು ಆಸರೆ, ಕೊನೆಗೆ ಕೈಮೇಲೆ ಕೈ. ಯಾವ ಹಂತದಲ್ಲಿ ಮುಚ್ಚಳ ತೆರೆಯಿತೋ ಅದನ್ನು ಆಗಲೇ ಹಾಳೆಯಲ್ಲಿ ಗುರುತು ಹಾಕಬೇಕು.

ಗುರುತು ಯಾಕೆ ಮುಖ್ಯ ಅಂದರೆ, ಆ ಮಗುವಿನ ಐಇಪಿಯಲ್ಲಿ, ಅಂದರೆ ಅವನಿಗಾಗಿಯೇ ಬರೆದ ಕಲಿಕೆಯ ಯೋಜನೆಯಲ್ಲಿ, ಗುರಿ ಹೀಗಿರುತ್ತದೆ: ಮುಚ್ಚಳವಿರುವ ಡಬ್ಬಿ ಕೊಟ್ಟಾಗ, ಯಾವ ಸುಳಿವೂ ಇಲ್ಲದೆ, 5 ಸಲದಲ್ಲಿ 4 ಸಲ, ಸತತ 3 ದಿನ ತೆರೆಯುತ್ತಾನೆ. ನೀನು ಮೆಲ್ಲಗೆ ಸಹಾಯ ಮಾಡಿ, ತಾನೇ ಮಾಡಿದ ಅಂತ ಬರೆದರೆ ವರ್ಷದ ಸಭೆಯಲ್ಲಿ ಗುರಿ ಮುಟ್ಟಿತು ಅಂತಾಗುತ್ತದೆ. ಅವನ ಜೊತೆಗಿದ್ದ ಸಹಾಯಕಿಯ ನಿಮಿಷಗಳು ಕಡಿತವಾಗುತ್ತವೆ. ಮುಂದಿನ ವರ್ಷ ಅವನು ಮುಚ್ಚಿದ ಡಬ್ಬಿ ಹಿಡಿದು ಒಬ್ಬನೇ ಕೂರುತ್ತಾನೆ. ಇನ್ನೊಂದು: ಮಾತಿನ ಸುಳಿವು ಹಗುರ ಅನ್ನಿಸುತ್ತದೆ, ಆದರೆ ಬಿಡಿಸುವುದು ಅದನ್ನೇ ಕಷ್ಟ. ಟೀಚರ್ ಹೇಳದೆ ಕೈ ಆಡದ ಮಕ್ಕಳಾಗುತ್ತಾರೆ. ಮೇಲ್ವಿಚಾರಕರು ನೋಡಲಿಕ್ಕೆ ಬಂದ ದಿನ ನಿನ್ನ ಬಾಯಿ ಎಷ್ಟು ಕಡಿಮೆ ಆಡಿತು ಅನ್ನುವುದನ್ನೇ ಗಮನಿಸುತ್ತಾರೆ ಅಂತ ತಿಳಿದುಕೋ.

ಐಇಪಿ ಸಭೆಯಲ್ಲಿ ತಂದೆತಾಯಿಗೆ ನಮ್ಮಷ್ಟೇ ಮಾತಿದೆ. ಬರೆದು ಮುಗಿಸಿದ್ದನ್ನು ತಂದು ಸಹಿ ಕೇಳಿದರೆ ಕಾನೂನಿಗೇ ವಿರುದ್ಧ, ಕರಡು ಅಂತ ಹೇಳಿಯೇ ತೋರಿಸು. ಎದುರಿಗೆ ಕನ್ನಡದವರೇ ಕೂತಿದ್ದರೂ ದುಭಾಷಿಯ ವ್ಯವಸ್ಥೆ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟಿನ ಹೊಣೆ, ನೀನು ಮಧ್ಯೆ ಹೋಗಬೇಡ. ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ಇಂಥವರ ಮಗ ನಮ್ಮ ಶಾಲೆಯಲ್ಲಿದ್ದಾನೆ ಎಂದು ಬಾಯಿ ತಪ್ಪಿಯೂ ಅನ್ನಬೇಡ.

ನಾನೂ ಘಟ್ಟದ ಕೆಳಗಿನವಳೇ, ಈ ಕೆಲಸದ ಬಗ್ಗೆ ಹೆಮ್ಮೆ ಇದೆ. ಕೊರಗು ಒಂದೇ, ಇದು ಊರಿನ ಮಕ್ಕಳಿಗೆ ಸಿಗುವುದಿಲ್ಲ. ಇಲ್ಲಿಯ ಕ್ರೆಡೆನ್ಷಿಯಲ್ ಶಿರಸಿಯಲ್ಲಿ ನಡೆಯುವುದಿಲ್ಲ. ಅಲ್ಲಿ 1992ರ ಕಾಯ್ದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಅಂಗವೈಕಲ್ಯದ ವರ್ಗೀಕರಣವೂ ಬೇರೆ: ಇಲ್ಲಿಯ ವಿಶೇಷ ಶಿಕ್ಷಣದ ಐಡಿಯಾ ಕಾಯ್ದೆಯಲ್ಲಿ 13 ಬಗೆ, ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21. ವಾಪಸು ಹೋಗುವ ಯೋಚನೆ ಮನಸ್ಸಿನ ಮೂಲೆಯಲ್ಲಿ ಇದ್ದರೂ ಸಾಕು, ಪ್ರತಿ ಕೋರ್ಸಿನ ಸಿಲಬಸ್ಸನ್ನೂ ಸಹಿಯಾದ ಗಂಟೆಗಳ ಲೆಕ್ಕವನ್ನೂ ಸೆಮಿಸ್ಟರ್ ಮುಗಿದ ವಾರವೇ ತೆಗೆದಿಡು. ಆಮೇಲೆ ಕೇಳಲಿಕ್ಕೆ ಹೋದರೆ ಸಹಿ ಹಾಕಿದವರು ಆ ಶಾಲೆಯಲ್ಲೇ ಇರುವುದಿಲ್ಲ.