ಭಾನುವಾರ ರೇಸು, ಸೋಮವಾರ ಡ್ಯೂಟಿ

ಸಕಲೇಶಪುರದ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಕೊಯ್ಲಾದ ಗದ್ದೆಯಲ್ಲಿ ಯೆಜ್ಡಿ ಬೈಕ್ ಓಡಿಸುತ್ತಿದ್ದ ಕಾಲದ ಡರ್ಟ್ ರೇಸೇ ನಿಜವಾದ ರೇಸು. ಅಮೆರಿಕದವರು ಸ್ಟೇಡಿಯಂನಲ್ಲಿ ಶುರು ಮಾಡಿದ ಆಟವನ್ನು ನಾವು ಗದ್ದೆಗೆ ತಂದೆವು. ಈಗಿನದೆಲ್ಲ ದುಡ್ಡಿನ ಆಟ. ನೀವ್ಯಾಕೆ ಇದರ ಬಗ್ಗೆ ಬರೆಯುವುದಿಲ್ಲ? ಕೊನೆಯಲ್ಲಿ ಒಂದು ಪ್ರಶ್ನೆ: ಕೊಟ್ಟಿಗೆಯಲ್ಲಿರುವ ನನ್ನ ಯೆಜ್ಡಿ ರೋಡ್‌ಕಿಂಗ್‌ ಅನ್ನು ರೇಸ್ ಗಾಡಿ ಥರ ಮಾಡಿಸಲೇ?

ಸರ್, ನಮಸ್ಕಾರ.

ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಎಣ್ಣೆ ಕಲೆ ಇದೆ. ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ಲೇ ಇರಬೇಕು ಅಂತ ಆಸೆಯಿಂದ ಮೂಸಿ ನೋಡಿದೆ. ಅಲ್ಲ, ಕೊಬ್ಬರಿ ಎಣ್ಣೆ. ಇರಲಿ.

ಮೊದಲು ಅಮೆರಿಕದ ಮಾತು ತಿದ್ದಿಬಿಡುತ್ತೇನೆ. ಈ ಆಟ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1924ರಲ್ಲಿ, ಕ್ಯಾಂಬರ್ಲಿ ಎಂಬ ಊರಿನ ಹತ್ತಿರ. ಅವರು ಅದನ್ನು ಸ್ಕ್ರ್ಯಾಂಬಲ್ ಅಂತ ಕರೆದರು. ಮೋಟೋಕ್ರಾಸ್ ಅನ್ನುವುದು ಆಮೇಲೆ ಬಂದ ಫ್ರೆಂಚ್ ಹೆಸರು. 1947ರಲ್ಲಿ ನೆದರ್ಲೆಂಡ್ಸ್‌ನಲ್ಲಿ ದೇಶ ದೇಶಗಳ ನಡುವೆ ಪಂದ್ಯ ನಡೆಯಿತು. 1957ರಿಂದ ವಿಶ್ವ ಚಾಂಪಿಯನ್‌ಷಿಪ್. ನೀವು ಹೇಳುವ ಲಾಸ್ ಏಂಜಲೀಸ್ ಸ್ಟೇಡಿಯಂ ರೇಸು 1972ರದು. ಕ್ಯಾಂಬರ್ಲಿಗಿಂತ 48 ವರ್ಷ ತಡ. ಅಂದರೆ ಆಟ ಹೊಲದಿಂದ ಸ್ಟೇಡಿಯಂಗೆ ಹೋಯಿತೇ ಹೊರತು ಅಲ್ಲಿಂದ ಹೊಲಕ್ಕೆ ಇಳಿದಿದ್ದಲ್ಲ. ಇದರಿಂದ ನಿಮ್ಮ ವಾದಕ್ಕೇ ಬಲ ಜಾಸ್ತಿ, ಅಲ್ವಾ?

ಇನ್ನೊಂದು ಖುಷಿಯ ವಿಷಯ. ನಿಮ್ಮ ಯೆಜ್ಡಿಗೂ ಆ ಲೋಕಕ್ಕೂ ನೆಂಟಸ್ತಿಕೆ ಇದೆ. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ, ಆಮೇಲೆ ಯೆಜ್ಡಿ ಅಂತ ಹೆಸರು ಬದಲಿಸಿಕೊಂಡಿದ್ದು, ಮೂಲದಲ್ಲಿ ಚೆಕೊಸ್ಲೊವಾಕಿಯದ ಗಾಡಿ. ಅದೇ ದೇಶದ ಇನ್ನೊಂದು ಗಾಡಿ ಸಿಝಡ್ (CZ) ಅದಕ್ಕೆ ದಾಯಾದಿ. ಬೆಲ್ಜಿಯಂನ ಜೋಯೆಲ್ ರಾಬರ್ಟ್ ಇಪ್ಪತ್ತರ ವಯಸ್ಸಿನಲ್ಲಿ, 1964ರಲ್ಲಿ, 250 ಸಿಸಿ ವಿಶ್ವ ಚಾಂಪಿಯನ್ ಆಗಿದ್ದು ಸಿಝಡ್ ಮೇಲೆ ಕೂತು. 1968, 69ರಲ್ಲೂ ಅದೇ ಗಾಡಿ. ಆಮೇಲೆ ಸುಜುಕಿ ಕಂಪನಿ ಅವರನ್ನು ಕರೆಸಿಕೊಂಡಿತು, ಸತತ ಮೂರು ವರ್ಷ ಮತ್ತೆ ಗೆದ್ದರು. ಸುಮ್ನೆ ಯಾರೂ ಕರೆಸಿಕೊಳ್ಳುವುದಿಲ್ಲ ಸರ್. ಆಗಲೂ ದುಡ್ಡಿತ್ತು. ನಮ್ಮ ಗದ್ದೆಯವರೆಗೆ ಬಂದಿರಲಿಲ್ಲ, ಅಷ್ಟೇ.

ಹಾಗಾದರೆ ನಮಗೆ ಕಾಡುವುದು ಏನು? ನನ್ನ ಸೋದರಮಾವನ ಕಥೆ ಹೇಳುತ್ತೇನೆ. ಮೂಡಿಗೆರೆ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಶನಿವಾರ ಬಟವಾಡೆ ಮುಗಿಸಿ ಸೀದಾ ಮೆಕ್ಯಾನಿಕ್ ಶೆಡ್ಡಿಗೆ. ಹೆಡ್‌ಲೈಟ್, ಇಂಡಿಕೇಟರ್, ಎರಡು ಮಡ್‌ಗಾರ್ಡ್ ಬಿಚ್ಚಿ ಗೋಣಿಚೀಲಕ್ಕೆ ತುಂಬುತ್ತಿದ್ದರು. ಬೋಲ್ಟುಗಳಿಗೆ ಬೇರೆಯಾಗಿ ಒಂದು ಹಾರ್ಲಿಕ್ಸ್ ಬಾಟಲಿ. ಹಿಂದಿನ ಚಕ್ರಕ್ಕೆ ಮಣ್ಣು ಕಚ್ಚುವ ಬಟನ್ ಟೈರು, ಅದೂ ಎರವಲು. ನಂಬರು ರಟ್ಟಿನ ಮೇಲೆ ಸುಣ್ಣದಲ್ಲಿ ಬರೆದದ್ದು. ಜೇಬಿನಲ್ಲಿ ಪೇಪರು ಸುತ್ತಿದ ಎರಡು ಸ್ಪಾರ್ಕ್ ಪ್ಲಗ್, ಒಂದು ಚೂರು ಉಪ್ಪು ಕಾಗದ.

ಭಾನುವಾರ ಬೆಳಿಗ್ಗೆ ಗದ್ದೆ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತಿತ್ತು, ಕೆಳಗೆ ಇನ್ನೂ ಹಸಿ. ಬದುಗಳೇ ಜಂಪು. ಯೆಜ್ಡಿಯಲ್ಲಿ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದಲ್ಲ, ಕೆಸರು ಮೆತ್ತಿದ ಬೂಟಿನಲ್ಲಿ ಅದನ್ನು ತಿರುಗಿಸುವುದೇ ಒಂದು ಸರ್ಕಸ್ಸು. ಮಾವ ಮೂರನೇ ಸುತ್ತಿನಲ್ಲಿ ನಿಂತುಬಿಟ್ಟರು. ನಾನು ಕಡ್ಡಿ ಹಿಡಿದು ಓಡಿದೆ, ಚೈನಿನ ಸಂದಿಯಿಂದ ಮಣ್ಣು ಕೆರೆಯುವುದು ನನ್ನ ಕೆಲಸ. ಅವರು ಪ್ಲಗ್ ಬಿಚ್ಚಿ ಉಜ್ಜಿ, ಊದಿ, ಮತ್ತೆ ಹಾಕಿದರು. ಅಷ್ಟರಲ್ಲಿ ಉಳಿದವರು ಎರಡು ಸುತ್ತು ಮುಗಿಸಿದ್ದರು. ಆದರೂ ಹೊರಟರು. ಕೊನೆಯವರಾಗಿ ಬಂದರು, ಶಿಳ್ಳೆ ಮಾತ್ರ ಅವರಿಗೇ ಜಾಸ್ತಿ.

ಸಂಜೆ ಗೋಣಿಚೀಲ ಬಿಚ್ಚಿ ಎಲ್ಲವನ್ನೂ ಮತ್ತೆ ಜೋಡಿಸಿದರು. ಸೋಮವಾರ ಆರೂವರೆಗೆ ಅದೇ ಗಾಡಿಯಲ್ಲಿ ಡ್ಯೂಟಿ. ಹೆಡ್‌ಲೈಟ್ ಸ್ವಲ್ಪ ಸೊಟ್ಟಗೆ ಕೂತಿದ್ದರಿಂದ ವಾರವಿಡೀ ರಸ್ತೆ ಬಿಟ್ಟು ಸಿಲ್ವರ್ ಓಕ್ ಮರಗಳ ಮೇಲೇ ಬೆಳಕು.

ಕಳೆದುಹೋಗಿದ್ದು ಇದು ಅಂತ ನನಗನಿಸುತ್ತದೆ. ರೇಸ್ ಗಾಡಿ, ಡ್ಯೂಟಿ ಗಾಡಿ ಎರಡೂ ಒಂದೇ ಆಗಿದ್ದದ್ದು. 60ರ ದಶಕದ ರೇಸ್ ಗಾಡಿಗಳ ಹಿಂದಿನ ಚಕ್ರ ಮೇಲೆ ಕೆಳಗೆ ಆಡುತ್ತಿದ್ದದ್ದು ನಾಲ್ಕು ಇಂಚಿನಷ್ಟು. 1973ರಲ್ಲಿ ಯಮಹಾ ಹಿಂದೆ ಎರಡರ ಬದಲು ಒಂಟಿ ಶಾಕ್‌ನ ಗಾಡಿ ತಂದು ಗೆದ್ದ ಮೇಲೆ ಅದು ಬೆಳೆಯುತ್ತಲೇ ಹೋಯಿತು. ಈಗ ಹತ್ತಿರಹತ್ತಿರ ಒಂದು ಅಡಿ. ಅಂಥ ಗಾಡಿಗೆ ಲೈಟೂ ಇಲ್ಲ, ಕನ್ನಡಿಯೂ ಇಲ್ಲ, ಅದರಲ್ಲಿ ಹಾಲು ತರಲೂ ಆಗುವುದಿಲ್ಲ. ಪಿಕಪ್‌ನಲ್ಲಿ ಬರುತ್ತದೆ, ಪಿಕಪ್‌ನಲ್ಲೇ ಹೋಗುತ್ತದೆ.

ಹಾಗಂತ ಈಗಿನ ಹುಡುಗರನ್ನು ಬೈಯಲು ನಾನು ತಯಾರಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ ಇದೇ ಮಣ್ಣಿನ ರೇಸುಗಳಿಂದ ಬೆಳೆದು 2015ರಲ್ಲಿ ಸಾವಿರಾರು ಕಿಲೋಮೀಟರಿನ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಆದರು. ಉಡುಪಿಯ ಕೆ.ಪಿ. ಅರವಿಂದ್ ಕೂಡ ಡಕಾರ್‌ವರೆಗೆ ಹೋದರು. ಹಾರ್ಲಿಕ್ಸ್ ಬಾಟಲಿ ಇಟ್ಟುಕೊಂಡು ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ.

ನೀವು ಬರೆಯದೇ ಬಿಟ್ಟ ಸಂಗತಿಗಳೂ ಇವೆ. ನಮ್ಮ ಗದ್ದೆಯಲ್ಲಿ ಹಗ್ಗ ಕಟ್ಟುತ್ತಿರಲಿಲ್ಲ, ಜನ ಬದುವಿನ ಮೇಲೇ ನಿಲ್ಲುತ್ತಿದ್ದರು. ಹೆಲ್ಮೆಟ್ ಹಾಕಿದವನನ್ನು ನೋಡಿ ನಗುತ್ತಿದ್ದೆವು. ಮರುವರ್ಷ ಮಾವ ಬಿದ್ದು ಕಾಲರ್ ಮೂಳೆ ಮುರಿದುಕೊಂಡರು. ಅಜ್ಜಿಗೆ ತೋಟದ ಚರಂಡಿಗೆ ಬಿದ್ದೆ ಅಂತ ಸುಳ್ಳು ಹೇಳಿದ್ದಾಯಿತು. ಇನ್ನೊಂದು ಮಾತು. ಎಲ್ಲರ ಇಂಜಿನ್ನೂ ಟ್ಯೂನ್ ಮಾಡುತ್ತಿದ್ದ ಶೆಡ್ಡಿನ ಹುಡುಗ ಒಂದು ಸಲವೂ ರೇಸಿಗೆ ಇಳಿಯಲಿಲ್ಲ. ಅವನಿಗೆ ಸ್ವಂತ ಗಾಡಿ ಇರಲಿಲ್ಲ. ಇಳಿದಿದ್ದರೆ ಅವನೇ ಗೆಲ್ಲುತ್ತಿದ್ದ ಅಂತ ಮಾವ ಈಗಲೂ ಹೇಳುತ್ತಾರೆ.

ಇನ್ನು ನಿಮ್ಮ ರೋಡ್‌ಕಿಂಗ್. ದಯವಿಟ್ಟು ಕತ್ತರಿಸಬೇಡಿ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಒರಿಜಿನಲ್ ಮಡ್‌ಗಾರ್ಡ್, ಸೈಲೆನ್ಸರ್ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಸ್ಕ್ರ್ಯಾಂಬ್ಲರ್ ಬೇಕೇ ಬೇಕು ಅಂದರೆ 2022ರಲ್ಲಿ ಯೆಜ್ಡಿ ಹೆಸರಿನಲ್ಲೇ ಒಂದು ಬಂತು. ಆದರೆ ನಿಮ್ಮದು ಟೂ ಸ್ಟ್ರೋಕ್, ಅದು ಫೋರ್ ಸ್ಟ್ರೋಕ್, ನಿಮಗೆ ಆ ಸದ್ದು ರುಚಿಸಲಿಕ್ಕಿಲ್ಲ. ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ, ತುಕ್ಕು ತೊಳೆಸಿ. ಕಾರ್ಬೊರೇಟರ್ ಬಿಚ್ಚಿಸಿ ಕ್ಲೀನ್ ಮಾಡಿಸಿ. ಪೆಟ್ರೋಲ್ ಪೈಪು, ಟೈರು, ಬ್ರೇಕ್ ಲೈನರ್ ಹೊಸದು ಹಾಕಿಸಿ. ಆಯಿಲ್ ಬೆರೆಸುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಸ್ಟಾರ್ಟ್ ಆದ ದಿನ ಆಫೀಸಿಗೆ ಫೋನ್ ಮಾಡಿ. ಮಾತು ಆಮೇಲೆ ಆಡೋಣ. ಮೊದಲು ಫೋನನ್ನು ಸೈಲೆನ್ಸರ್ ಹತ್ತಿರ ಹಿಡಿದು ಒಂದೆರಡು ಸಲ ರೇಸ್ ಮಾಡಿ, ಮಾವನನ್ನೂ ಕರೆಸಿ ಕೂರಿಸಿಕೊಂಡಿರುತ್ತೇನೆ.

– ಸಂಪಾದಕ, ಹಾಸನ